ಮಲೆನಾಡಿನ ಮನೆಗೆ ಎಂಥ ಡಿಎಸ್‌ಎಲ್‌ಆರ್ ಕ್ಯಾಮೆರಾ?

ಪ್ರಶ್ನೆ: ನಾನು ಹೊಸನಗರ ತಾಲೂಕಿನ ಹಳ್ಳಿಯೊಂದರಲ್ಲಿ ಪ್ರೌಢಶಾಲಾ ಶಿಕ್ಷಕಿ. ಮನೆಯ ಸುತ್ತ ಅಡಿಕೆ ತೋಟವಿದೆ. ತೋಟಕ್ಕೆ ಬರುವ ಹಕ್ಕಿಗಳನ್ನು ಇಷ್ಟು ದಿನ ಫೋನಿನಲ್ಲಿ ತೆಗೆಯುತ್ತಿದ್ದೆ, ಆದರೆ ಹತ್ತಿರಕ್ಕೆ ಎಳೆದ ಕೂಡಲೇ ಚಿತ್ರ ಕಲಸಿಹೋಗುತ್ತದೆ. ವರ್ಷಕ್ಕೆ ಎರಡು ಮೂರು ಸಲ ಮಂಡಗದ್ದೆಯ ಪಕ್ಷಿಧಾಮಕ್ಕೂ ಹೋಗುತ್ತೇನೆ. ನಮ್ಮ ಮನೆಯವರಿಗೆ ಯಕ್ಷಗಾನದ ಹುಚ್ಚು. ಆಟವಿದ್ದಲ್ಲಿಗೆ ಇಬ್ಬರೂ ಹೋಗುತ್ತೇವೆ, ಅದನ್ನೂ ತೆಗೆಯುವ ಆಸೆ. ಎಲ್ಲ ಸೇರಿ 75 ಸಾವಿರ ರೂಪಾಯಿ ತೆಗೆದಿಟ್ಟಿದ್ದೇನೆ. ಶಿವಮೊಗ್ಗದ ಅಂಗಡಿಯವರು ಮೆಗಾಪಿಕ್ಸೆಲ್ ಹೆಚ್ಚಿರುವ ಹೊಸ ಕ್ಯಾಮೆರಾವನ್ನು ಎರಡು ಲೆನ್ಸಿನ ಕಿಟ್ ಸಮೇತ ತೆಗೆದುಕೊಳ್ಳಿ ಎನ್ನುತ್ತಾರೆ. ಪರಿಚಯದ ಮದುವೆ ಫೋಟೋಗ್ರಾಫರ್ ಒಬ್ಬರು ತಮ್ಮ ಹಳೆಯ ಫುಲ್‌ಫ್ರೇಮ್ ಬಾಡಿಯನ್ನು ಕೊಡಲು ಸಿದ್ಧರಿದ್ದಾರೆ. ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗ, "ಅತ್ತೆ, ಡಿಎಸ್‌ಎಲ್‌ಆರ್ ಕಾಲ ಮುಗಿಯಿತು, ಮಿರರ್‌ಲೆಸ್ ಬಿಟ್ಟು ಬೇರೆ ನೋಡಲೇಬೇಡಿ" ಎನ್ನುತ್ತಾನೆ. ಇದೆಲ್ಲದರ ಮೇಲೆ ಇನ್ನೊಂದು ಹೆದರಿಕೆ: ನಮ್ಮ ಮಾವನವರ ಕ್ಯಾಮೆರಾ ಒಂದೇ ಮಳೆಗಾಲದಲ್ಲಿ ಕಪಾಟಿನೊಳಗೇ ಬೂಷ್ಟು ಹಿಡಿದು ಹಾಳಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂವರ ಸಲಹೆ ಇದೆ, ಮೂರೂ ಕ್ಯಾಮೆರಾದ ಬಾಡಿಯ, ಅಂದರೆ ಲೆನ್ಸು ಬಿಟ್ಟು ಉಳಿದ ಭಾಗದ, ಬಗೆಗೇ ಇವೆ. ಅಂಗಡಿಯವರು ಅದರ ಮೆಗಾಪಿಕ್ಸೆಲ್ ಹೇಳಿದರು, ಫೋಟೋಗ್ರಾಫರ್ ಅದರ ಸೆನ್ಸರಿನ (ಬೆಳಕನ್ನು ಹಿಡಿದು ಚಿತ್ರವಾಗಿಸುವ ಫಲಕದ) ಅಳತೆ ಹೇಳಿದರು, ಅಣ್ಣನ ಮಗ ಅದರ ಜಾತಿ (ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರೋ, ಕನ್ನಡಿ ಇಲ್ಲದ ಮಿರರ್‌ಲೆಸ್ಸೋ ಎಂಬುದನ್ನು) ಹೇಳಿದ. ನೀವು ಎಂಥ ಬೆಳಕಿನಲ್ಲಿ, ಎಷ್ಟು ದೂರದಿಂದ ಚಿತ್ರ ತೆಗೆಯುತ್ತೀರಿ ಎಂದು ಯಾರೂ ಕೇಳಿದಂತಿಲ್ಲ. ಆಷಾಢದಲ್ಲಿ ಆ ಕ್ಯಾಮೆರಾ ಎಲ್ಲಿರುತ್ತದೆ ಎಂದಂತೂ ನಿಮ್ಮನ್ನು ಬಿಟ್ಟು ಬೇರೆ ಯಾರೂ ಯೋಚಿಸಿಲ್ಲ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಶಿವಮೊಗ್ಗದಲ್ಲಿ ಕ್ಯಾಮೆರಾ ಮತ್ತು ಲೆನ್ಸುಗಳನ್ನು ಬಿಚ್ಚಿ ಸರಿಪಡಿಸುತ್ತ ಬಂದಿರುವ ನನಗೆ ಮಲೆನಾಡಿನವರ ಮಟ್ಟಿಗೆ ಈ ಪ್ರಶ್ನೆಗಳೇ ಮೊದಲಿನವು, ಬಾಡಿ ಯಾವುದು ಎಂಬುದು ಕೊನೆಯದು ಎನಿಸಿದೆ. ಆದ್ದರಿಂದ ಅದೇ ಕ್ರಮದಲ್ಲಿ ಉತ್ತರಿಸುತ್ತೇನೆ.

ಮೊದಲು ಬೆಳಕು. ನಿಮ್ಮ ಎರಡು ಆಸೆಗಳೂ ಬೆಳಕಿನ ಕೊರತೆ ಇರುವ ಜಾಗದವು. ಅಡಿಕೆ ಮರಗಳ ಸೋಗೆಯ ಕೆಳಗೆ ಮಧ್ಯಾಹ್ನ ಹನ್ನೆರಡಕ್ಕೂ ಮಬ್ಬು ಬೆಳಕೇ ಇರುತ್ತದೆ. ಯಕ್ಷಗಾನವಂತೂ ರಾತ್ರಿಯದು, ಅದರಲ್ಲೂ ವೇಷ ಒಂದು ಕ್ಷಣ ನಿಲ್ಲುವುದಿಲ್ಲ. ಕುಣಿತವನ್ನು ಅಲುಗದ ಹಾಗೆ ಹಿಡಿಯಲು ಶಟರ್ ವೇಗ, ಅಂದರೆ ಸೆನ್ಸರಿನ ಮೇಲೆ ಬೆಳಕು ಬೀಳುವ ಕಾಲ, ಸೆಕೆಂಡಿನ 250ನೇ ಒಂದು ಭಾಗದ ಆಸುಪಾಸಿನಲ್ಲಾದರೂ ಇರಬೇಕು. ಕ್ಯಾಮೆರಾ ಜೊತೆ ಬರುವ 18-55 ಕಿಟ್ ಲೆನ್ಸನ್ನು ಪೂರ್ತಿ ಎಳೆದಾಗ ಅದರ ಕಿಂಡಿ (ಅಪರ್ಚರ್) ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ; ಈ ಸಂಖ್ಯೆ ಕಿರಿದಾದಷ್ಟೂ ಕಿಂಡಿ ದೊಡ್ಡದು. 50 ಮಿಲಿಮೀಟರಿನ ಎಫ್/1.8 ಲೆನ್ಸು, ಅಂದರೆ ಕ್ಯಾನನ್, ನಿಕಾನ್ ಎರಡೂ ಕಂಪನಿಗಳ ಅತ್ಯಂತ ಅಗ್ಗದ ಲೆನ್ಸುಗಳಲ್ಲಿ ಒಂದು, ಅದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಕಿಟ್ ಲೆನ್ಸಿನಲ್ಲಿ ಸೆಕೆಂಡಿನ 25ನೇ ಒಂದು ಭಾಗಕ್ಕೆ ಇಳಿದು ಬಣ್ಣದ ಗೆರೆಯಾಗಿ ಹೋಗುವ ವೇಷ, ಅದೇ ರಂಗಸ್ಥಳದಲ್ಲಿ, ಅದೇ ಐಎಸ್‌ಒದಲ್ಲಿ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯ ಮಟ್ಟದಲ್ಲಿ), ಈ ಲೆನ್ಸಿನಲ್ಲಿ ಸೆಕೆಂಡಿನ 250ನೇ ಒಂದು ಭಾಗಕ್ಕೆ ಸಿಗುತ್ತದೆ.

ಇದರ ಪಕ್ಕದಲ್ಲಿ ಫುಲ್‌ಫ್ರೇಮಿನ ಲೆಕ್ಕ ಇಟ್ಟು ನೋಡಿ. ಫುಲ್‌ಫ್ರೇಮ್ ಸೆನ್ಸರಿನ ಅಳತೆ 36x24 ಮಿಲಿಮೀಟರ್; ಸಾಧಾರಣ ಡಿಎಸ್‌ಎಲ್‌ಆರ್‌ನ ಕ್ರಾಪ್ ಸೆನ್ಸರ್ ನಿಕಾನಿನಲ್ಲಿ ಸುಮಾರು 23.5x15.6, ಕ್ಯಾನನ್ನಿನಲ್ಲಿ ಅದಕ್ಕಿಂತ ತುಸು ಕಿರಿದು. ವಿಸ್ತೀರ್ಣದಲ್ಲಿ ಫುಲ್‌ಫ್ರೇಮ್ ಎರಡೂಕಾಲು ಪಟ್ಟಿಗಿಂತ ಸ್ವಲ್ಪ ದೊಡ್ಡದು, ಕತ್ತಲಿನ ಚಿತ್ರದಲ್ಲಿ ಅದರ ಲಾಭವೂ ಹೆಚ್ಚುಕಡಿಮೆ ಅಷ್ಟೇ. ಆ ಲಾಭ ಸುಳ್ಳಲ್ಲ, ಮದುವೆ ಮನೆಯಲ್ಲಿ ದುಡಿಯುವವರು ಅದಕ್ಕೆ ಹಣ ಕೊಡುವುದರಲ್ಲಿ ಅರ್ಥವಿದೆ. ಆದರೆ ದುಬಾರಿ ಬಾಡಿ ಕೊಡುವ ಎರಡೂಕಾಲು ಪಟ್ಟು ಮತ್ತು ಅಗ್ಗದ ಲೆನ್ಸು ಕೊಡುವ ಹತ್ತು ಪಟ್ಟು ಇವೆರಡರಲ್ಲಿ ಮೊದಲು ಯಾವುದನ್ನು ಕೊಳ್ಳಬೇಕು ಎಂಬುದಕ್ಕೆ ಇನ್ನೊಬ್ಬರ ಸಲಹೆ ಬೇಕಾಗದು.

ಮೆಗಾಪಿಕ್ಸೆಲ್ಲಿನ ಮಾತನ್ನು ಇಲ್ಲೇ ಮುಗಿಸುತ್ತೇನೆ. ಈಗಿನ ಆರಂಭಿಕ ಡಿಎಸ್‌ಎಲ್‌ಆರ್‌ಗಳಲ್ಲಿ ಹೆಚ್ಚಿನವು ಸುಮಾರು 24 ಮೆಗಾಪಿಕ್ಸೆಲ್ಲಿನವು. ಆ ಚಿತ್ರ 6000x4000 ಚುಕ್ಕೆಗಳದು. ಗೋಡೆಗೆ ಹಾಕುವ 12x8 ಇಂಚಿನ ಒಳ್ಳೆಯ ಪ್ರಿಂಟಿಗೆ ಒಂಬತ್ತು ಮೆಗಾಪಿಕ್ಸೆಲ್ ಸಾಕು. ಫೋನಿನ ಚಿತ್ರ ಎಳೆದಾಗ ಕಲಸಿಹೋಗಲು ಕಾರಣ ಪಿಕ್ಸೆಲ್ಲಿನ ಕೊರತೆಯಲ್ಲ, ಅದರ ಲೆನ್ಸು ಕಿರಿದು ಮತ್ತು ಹಕ್ಕಿ ದೂರ.

ಇನ್ನು ದೂರದ ಲೆಕ್ಕ. ಶಿವಮೊಗ್ಗದಿಂದ ತೀರ್ಥಹಳ್ಳಿಯ ಹಾದಿಯಲ್ಲಿ ಸುಮಾರು 30 ಕಿಲೋಮೀಟರ್ ದೂರದ ಮಂಡಗದ್ದೆಯಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುವುದು ತುಂಗೆಯ ನಡುಗಡ್ಡೆಯ ಮರಗಳಲ್ಲಿ. ನೀವು ನಿಲ್ಲುವುದು ದಡದಲ್ಲಿ. 70 ಸೆಂಟಿಮೀಟರ್ ಎತ್ತರದ ಬೆಳ್ಳಕ್ಕಿಯೊಂದು 40 ಮೀಟರ್ ಆಚೆ ಕುಳಿತಿದೆ ಎಂದುಕೊಳ್ಳಿ. ಲೆನ್ಸಿನ ಮಿಲಿಮೀಟರ್ ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಮೂಡುತ್ತದೆ; 300 ಮಿಲಿಮೀಟರ್ ಲೆನ್ಸು ಅದನ್ನು ಸೆನ್ಸರಿನ ಮೇಲೆ ಐದು ಮಿಲಿಮೀಟರಿಗಿಂತ ತುಸು ಹೆಚ್ಚು ಎತ್ತರಕ್ಕೆ ಮೂಡಿಸುತ್ತದೆ. ಕ್ರಾಪ್ ಸೆನ್ಸರಿನಲ್ಲಿ ಅದು ಚಿತ್ರದ ಎತ್ತರದ ಮೂರನೇ ಒಂದು ಭಾಗ. ಗೂಡು, ಕೊಂಬೆ, ಮರಿ ಎಲ್ಲ ಸೇರಿ ತುಂಬಿದ ಚಿತ್ರವೇ ಆಗುತ್ತದೆ. ಅದೇ ಲೆನ್ಸನ್ನು ಫುಲ್‌ಫ್ರೇಮ್ ಬಾಡಿಗೆ ಹಾಕಿದರೆ ಹಕ್ಕಿ ಅಷ್ಟೇ ಇರುತ್ತದೆ, ಚೌಕಟ್ಟು ದೊಡ್ಡದಾಗಿ ಅದು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ನಿಮ್ಮ ಪರಿಚಯದ ಫೋಟೋಗ್ರಾಫರ್ ಕೊಡುವ ಬಾಡಿ ಎಷ್ಟೇ ಒಳ್ಳೆಯದಿದ್ದರೂ ನಿಮಗೆ ಒಗ್ಗದು ಎಂದು ನಾನು ಹೇಳಲು ಇದು ಮುಖ್ಯ ಕಾರಣ. ಅದಕ್ಕೆ ಹೊಂದುವ ಲೆನ್ಸುಗಳಿಗೆ ಕೈಯಲ್ಲಿ ಹಣವೇ ಉಳಿಯುವುದಿಲ್ಲ ಎಂಬುದು ಎರಡನೆಯದು.

ತೋಟದ ಹಕ್ಕಿಗಳ ವಿಷಯ ಬೇರೆ. ಹತ್ತು ಸೆಂಟಿಮೀಟರಿನ ಸೂರಕ್ಕಿ ಹತ್ತು ಮೀಟರ್ ದೂರದಲ್ಲಿದ್ದರೆ 300 ಮಿಲಿಮೀಟರಿನಲ್ಲಿ ಚಿತ್ರದ ಐದನೇ ಒಂದು ಭಾಗವಷ್ಟೇ ತುಂಬುತ್ತದೆ. ಆಗ 150-600ರಂಥ ದೊಡ್ಡ ಲೆನ್ಸಿನ ಕಡೆ ಮನಸ್ಸು ಹರಿಯುವುದು ಸಹಜ. ಸದ್ಯಕ್ಕೆ ಬೇಡ ಎನ್ನುತ್ತೇನೆ. ಅವು ಎರಡು ಕಿಲೋ ತೂಗುತ್ತವೆ, ನಿಮ್ಮ ಹಣವನ್ನೆಲ್ಲ ಒಂದೇ ನುಂಗುತ್ತವೆ, ಮಬ್ಬಿನಲ್ಲಿ ಎಫ್/6.3ಕ್ಕೆ ನಿಂತು ಒದ್ದಾಡುತ್ತವೆ. ಅದರ ಬದಲು ದಾಸವಾಳದ ಗಿಡದ ಬಳಿ ಬೆಳಗ್ಗೆ ಅಲುಗಾಡದೆ ಕುಳಿತರೆ ಸೂರಕ್ಕಿ ತಾನೇ ನಾಲ್ಕು ಮೀಟರಿಗೆ ಬರುತ್ತದೆ. ಆಗ ಅದೇ 300 ಮಿಲಿಮೀಟರಿನಲ್ಲಿ ಹಕ್ಕಿ ಚಿತ್ರದ ಅರ್ಧದಷ್ಟಾಗುತ್ತದೆ. ಗೂಡಿನ ವಿಷಯದಲ್ಲಿ ಮಾತ್ರ ಹತ್ತಿರ ಹೋಗುವ ಮಾತೇ ಬೇಡ. ಪಿಕಳಾರದ ಗೂಡಿಗೆ ಅಡ್ಡವಾದ ಎಲೆಯನ್ನು ಚಿತ್ರಕ್ಕಾಗಿ ಸರಿಸಿದವರು ಮರುದಿನ ಹೋಗಿ ನೋಡಿದಾಗ ಮರಿಗಳೇ ಇರಲಿಲ್ಲ ಎಂದು ನನ್ನ ಬಳಿ ಬಂದು ನೊಂದುಕೊಂಡದ್ದುಂಟು. ಎಲೆ ಸರಿದರೆ ಕಾಗೆಗೂ ಕೆಂಬೂತಕ್ಕೂ ಗೂಡು ಕಾಣುತ್ತದೆ.

ಮಿರರ್‌ಲೆಸ್ ಬಗ್ಗೆ ನಿಮ್ಮ ಅಣ್ಣನ ಮಗ ಹೇಳಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ನಿಜವಿದೆ. 2020ರ ನಂತರ ಕ್ಯಾನನ್ ಆಗಲಿ ನಿಕಾನ್ ಆಗಲಿ ಹೊಸ ಡಿಎಸ್‌ಎಲ್‌ಆರ್ ಮಾದರಿಯನ್ನು ಹೊರತಂದಿಲ್ಲ. ಹೊಸ ಲೆನ್ಸುಗಳೆಲ್ಲ ಮಿರರ್‌ಲೆಸ್‌ಗೇ ಬರುತ್ತಿವೆ. ಹಕ್ಕಿಯ ಕಣ್ಣನ್ನೇ ಗುರುತಿಸಿ ಫೋಕಸ್ ಹಿಡಿಯುವ ವಿದ್ಯೆ ಅವುಗಳಲ್ಲಿದೆ, ತೆಗೆಯುವ ಮೊದಲೇ ಚಿತ್ರದ ಬೆಳಕು ಕಣ್ಣಿಗೆ ಕಾಣುತ್ತದೆ. ಆದರೆ ಹೊಸ ಮಾದರಿ ಬರುವುದು ನಿಂತರೆ ಇರುವ ಕ್ಯಾಮೆರಾ ಚಿತ್ರ ತೆಗೆಯುವುದನ್ನು ನಿಲ್ಲಿಸುವುದಿಲ್ಲ. ನಿಕಾನಿನ ಎಫ್ ಮೌಂಟ್ (ಬಾಡಿಗೆ ಲೆನ್ಸು ಕೂರಿಸುವ ಬಾಯಿ) 1959ರಿಂದ, ಕ್ಯಾನನ್ನಿನ ಇಎಫ್ ಮೌಂಟ್ 1987ರಿಂದ ಬಂದದ್ದು. ಅವುಗಳ ಲೆನ್ಸುಗಳು ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಧಾರಾಳವಾಗಿವೆ ಮತ್ತು ಎಲ್ಲರೂ ಮಿರರ್‌ಲೆಸ್‌ಗೆ ಹೋಗುತ್ತಿರುವುದರಿಂದಲೇ ಅಗ್ಗವಾಗುತ್ತಿವೆ. ಈ ಲೆನ್ಸುಗಳಲ್ಲಿ ಹೆಚ್ಚಿನವನ್ನು ಮುಂದೆ ಅಡಾಪ್ಟರ್ ಹಾಕಿ ಅದೇ ಕಂಪನಿಯ ಮಿರರ್‌ಲೆಸ್ ಬಾಡಿಗೂ ಜೋಡಿಸಬಹುದಾದ್ದರಿಂದ ಲೆನ್ಸಿಗೆ ಹಾಕಿದ ಹಣ ನೀರುಪಾಲಾಗುವುದಿಲ್ಲ.

ನಮ್ಮ ಊರುಗಳಿಗೆ ಮಾತ್ರ ತಟ್ಟುವ ಇನ್ನೊಂದು ಸಂಗತಿ ಬ್ಯಾಟರಿ. ನಿಕಾನ್ ಡಿ7500, ಕ್ಯಾನನ್ 80ಡಿಯಂಥ ಡಿಎಸ್‌ಎಲ್‌ಆರ್‌ಗಳಿಗೆ ಕಂಪನಿಗಳು ಒಂದು ಚಾರ್ಜಿಗೆ ಕೊಡುವ ಲೆಕ್ಕ 950ರ ಆಸುಪಾಸಿನ ಚಿತ್ರಗಳು. ಆರಂಭಿಕ ಮಿರರ್‌ಲೆಸ್‌ಗಳಲ್ಲಿ ಇದು ಸುಮಾರು 300ರಿಂದ 400. ಬೆಂಗಳೂರಿನವರಿಗೆ ಇದು ದೊಡ್ಡ ಮಾತಲ್ಲ. ಮರ ಬಿದ್ದು ಮೂರು ದಿನ ಕರೆಂಟಿಲ್ಲದ ಜುಲೈ ತಿಂಗಳಿನಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನು ನೋಡಲು ಹೊರಡುವವರಿಗೆ ಹೌದು.

ಈಗ ನಿಮ್ಮ ನಿಜವಾದ ಹೆದರಿಕೆಗೆ ಬರೋಣ, ಏಕೆಂದರೆ ಮಲೆನಾಡಿನಲ್ಲಿ ಬಿದ್ದು ಒಡೆದ ಕ್ಯಾಮೆರಾಗಳಿಗಿಂತ ಇಟ್ಟಲ್ಲೇ ಹಾಳಾದ ಕ್ಯಾಮೆರಾಗಳನ್ನು ನಾನು ಹೆಚ್ಚು ಕಂಡಿದ್ದೇನೆ. ದಸರೆ ಕಳೆದು ಮಳೆ ಹಿಂದೆಗೆದ ಮೇಲೆ ನನ್ನ ಮೇಜಿಗೆ ಬರುವ ಲೆನ್ಸುಗಳ ಕಥೆ ಒಂದೇ: ಮೇ ತಿಂಗಳ ಮದುವೆಯಲ್ಲಿ ಬಳಸಿ, ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿ ಹಾಕಿ, ಮರದ ಕಪಾಟಿನ ಒಳಮೂಲೆಯಲ್ಲಿ ಜೋಪಾನವಾಗಿ ಇಟ್ಟದ್ದು. ಆ ಜೋಪಾನವೇ ಅದನ್ನು ಕೆಡಿಸಿತು. ಫಂಗಸ್ಸಿನ ಬೀಜಕಣ ಗಾಳಿಯಲ್ಲಿ ಎಲ್ಲೆಲ್ಲೂ ಇರುತ್ತದೆ, ಕಂಪನಿಯಿಂದ ಈಗಷ್ಟೇ ಬಂದ ಲೆನ್ಸಿನೊಳಗೂ ಇರುತ್ತದೆ. ಗಾಳಿಯ ಸಾಪೇಕ್ಷ ತೇವಾಂಶ 60 ಶೇಕಡ ದಾಟಿ ಅಲ್ಲೇ ವಾರಗಟ್ಟಲೆ ನಿಂತರೆ, ಕತ್ತಲೆಯೂ ಗಾಳಿಯಾಡದ ಜಾಗವೂ ಸಿಕ್ಕರೆ, ಅದು ಮೊಳೆಯುತ್ತದೆ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಸುರಿಯುತ್ತದೆ. ಹೊಸನಗರದ ಸೀಮೆಯಲ್ಲೂ ಜೂನ್‌ನಿಂದ ಸೆಪ್ಟೆಂಬರ್ ತನಕ ಮನೆಯೊಳಗಿನ ಗಾಳಿ ಆ ಮಟ್ಟದಿಂದ ಕೆಳಗಿಳಿಯುವುದೇ ಅಪರೂಪ. ಚರ್ಮ, ಬಟ್ಟೆ, ಮರ ಮೂರೂ ತೇವವನ್ನು ಹೀರಿ ಹಿಡಿದುಕೊಳ್ಳುತ್ತವೆ. ಮೊಳೆತ ಫಂಗಸ್ ಜೇಡರ ಬಲೆಯ ಎಳೆಗಳ ಹಾಗೆ ಗಾಜಿನ ಮೇಲೆ ಹರಡುತ್ತ ಆಮ್ಲವನ್ನು ಬಿಡುತ್ತದೆ. ಆರಂಭದಲ್ಲೇ ಬಿಚ್ಚಿ ಒರೆಸಿದರೆ ಹೋಗುತ್ತದೆ, ತಡವಾದರೆ ಗಾಜಿನ ಲೇಪನವನ್ನೇ ತಿಂದಿರುತ್ತದೆ. ಅಂಟಿಸಿ ಜೋಡಿಸಿದ ಗಾಜುಗಳ ನಡುವೆ ಬೆಳೆದರೆ ಅದನ್ನು ನನ್ನಂಥವರು ಏನೂ ಮಾಡಲಾರರು.

ಜನ ಮಾಡುವ ಉಪಾಯಗಳಲ್ಲಿ ಕೆಲವು ಹೆಚ್ಚು ಕೇಡನ್ನೇ ಮಾಡುತ್ತವೆ. ಅಕ್ಕಿಯ ಡಬ್ಬಿಯಲ್ಲಿ ಇಡುವುದರಿಂದ ಹಿಟ್ಟಿನಂಥ ದೂಳು ಜೂಮ್ ರಿಂಗಿನ ಸಂದಿಗೆ ಸೇರುತ್ತದೆ. ನುಸಿಗುಳಿಗೆಯ ಆವಿ ಗಾಜಿನ ಮೇಲೂ ರಬ್ಬರಿನ ಮೇಲೂ ಕೂರುತ್ತದೆ. ಬಿಸಿಲಿಗೆ ಇಟ್ಟರೆ ಬೆಳೆದ ಫಂಗಸ್ ಮಾಯವಾಗುವುದಿಲ್ಲ, ಬದಲಿಗೆ ಒಳಗಿನ ಗ್ರೀಸು ಕರಗಿ ಅಪರ್ಚರಿನ ತೆಳು ಎಲೆಗಳಿಗೆ ಹತ್ತುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುವುದು ನಿಜ, ಆದರೆ ಅಲ್ಲಿಯ ಹೊಗೆ ಮತ್ತು ಮಸಿ ಲೆನ್ಸಿಗೆ ಆಗದು. ಹಿಂದಿನವರು ಕಬ್ಬಿಣದ ಬೀರುವಿನಲ್ಲಿ ಸಣ್ಣ ಬಲ್ಬು ಉರಿಸಿ ಇಡುತ್ತಿದ್ದರಲ್ಲ, ಅದರಲ್ಲಿ ತಥ್ಯವಿತ್ತು: ಬಲ್ಬಿನ ಬಿಸಿಯಿಂದ ಬೀರುವಿನೊಳಗಿನ ಸಾಪೇಕ್ಷ ತೇವಾಂಶ ಇಳಿಯುತ್ತಿತ್ತು. ಈಗಿನ ಎಲ್‌ಇಡಿ ಬಲ್ಬಿನಲ್ಲಿ ಆ ಬಿಸಿ ಇಲ್ಲ.

ಸರಿಯಾದ ಉಪಾಯ ಡ್ರೈ ಕ್ಯಾಬಿನೆಟ್, ಅಂದರೆ ಒಳಗಿನ ತೇವಾಂಶವನ್ನು ಹಿಡಿತದಲ್ಲಿಡುವ ಬಿಗಿ ಬಾಗಿಲಿನ ಪೆಟ್ಟಿಗೆ. ಎರಡು ಮೂರು ಲೆನ್ಸು ಹಿಡಿಯುವ ಸಣ್ಣದು ಸಾಕು. ನಿಮ್ಮ ಹಣದಲ್ಲಿ ಹತ್ತನೇ ಒಂದು ಪಾಲನ್ನು ಮೊದಲೇ ಇದಕ್ಕೆಂದು ಬೇರೆ ಇಡಿ. ಅದರಲ್ಲಿ ತೇವಾಂಶವನ್ನು 40ರಿಂದ 50 ಶೇಕಡದ ನಡುವೆ ನಿಲ್ಲಿಸಿ. ಅದು ನಡೆಯುವುದೂ ಕರೆಂಟಿನಲ್ಲೇ ಆದ್ದರಿಂದ, ಕರೆಂಟು ಹೋದಾಗ ಬಾಗಿಲು ತೆರೆಯದೆ ಬಿಟ್ಟರೆ ಒಂದೆರಡು ದಿನ ತೊಂದರೆಯಿಲ್ಲ; ಅದಕ್ಕೂ ಮೀರಿದರೆ ಎಂದು ರಬ್ಬರ್ ಪಟ್ಟಿಯ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೇವ ಹೀರುವ ಸಿಲಿಕಾ ಜೆಲ್ ಮತ್ತು ತೇವಾಂಶ ಅಳೆಯುವ ಪುಟ್ಟ ಹೈಗ್ರೋಮೀಟರ್ ಸಮೇತ ಸಿದ್ಧವಾಗಿಡಿ. ಬಣ್ಣ ಬದಲಾಗುವ ಸಿಲಿಕಾ ಜೆಲ್ ತೆಗೆದುಕೊಂಡರೆ ತೇವ ತುಂಬಿದ್ದು ನೋಟಕ್ಕೇ ತಿಳಿಯುತ್ತದೆ. ಅದನ್ನು ಹಳೆಯ ಬಾಣಲೆಯೊಂದರಲ್ಲಿ ಸಣ್ಣ ಉರಿಗೆ ಮೊದಲ ಬಣ್ಣ ಬರುವವರೆಗೆ ಬಿಸಿಮಾಡಿ ಮತ್ತೆ ಬಳಸಬಹುದು, ಆ ಬಾಣಲೆ ಮಾತ್ರ ಮತ್ತೆ ಅಡುಗೆಗೆ ಬೇಡ. ಇವೆಲ್ಲಕ್ಕಿಂತ ಮಿಗಿಲಾದದ್ದು ಬಳಕೆ: ಮಳೆಗಾಲದಲ್ಲೂ ವಾರಕ್ಕೊಮ್ಮೆ ಹೊರತೆಗೆದು ನಾಲ್ಕು ಚಿತ್ರ ತೆಗೆಯುವ ಮನೆಯ ಲೆನ್ಸಿನಲ್ಲಿ ಫಂಗಸ್ ಕಂಡದ್ದು ಬಹಳ ಕಡಿಮೆ. ಇನ್ನೊಂದು ಎಚ್ಚರ ಅಡಿಕೆ ಸುಗ್ಗಿಯದು. ಚಳಿಯ ಬೆಳಗ್ಗೆ ಹೊರಗಿದ್ದ ಕ್ಯಾಮೆರಾವನ್ನು ಅಡಿಕೆ ಬೇಯಿಸುವ ಹಂಡೆಯ ಹಬೆಗೆ ನೇರವಾಗಿ ಒಯ್ದರೆ ಗಾಜಿನ ಮೇಲೆ ನೀರು ಕಟ್ಟುತ್ತದೆ. ಚೀಲದೊಳಗೇ ಅರ್ಧ ಗಂಟೆ ಬಿಟ್ಟು ಆಮೇಲೆ ತೆರೆಯಿರಿ.

ಇಷ್ಟಾದ ಮೇಲೆ ಬಾಡಿ. ನಿಮ್ಮ ಹಣಕ್ಕೆ ನನಗೆ ಕಾಣುವ ದಾರಿಗಳು ಮೂರು, ಮೂರಕ್ಕೂ ಅವುಗಳದೇ ಅಪಾಯಗಳಿವೆ.

ಅಂಗಡಿಯವರು ತೋರಿಸಿದಂಥ ಹೊಸ ಆರಂಭಿಕ ಕಿಟ್ಟಿಗೆ ವಾರಂಟಿ ಇದೆ, ಒಳಗೆ ಫಂಗಸ್ ಇಲ್ಲ ಎಂಬ ನೆಮ್ಮದಿ ಇದೆ. ಆದರೆ ಕ್ಯಾನನ್ 1500ಡಿಯನ್ನೇ ತೆಗೆದುಕೊಂಡರೆ ಅದರಲ್ಲಿ ಫೋಕಸ್ ಬಿಂದುಗಳು ಒಂಬತ್ತು, ಸೆಕೆಂಡಿಗೆ ಚಿತ್ರ ಮೂರು. ಕುಳಿತ ಬೆಳ್ಳಕ್ಕಿಗೆ, ಶಾಲೆಯ ವಾರ್ಷಿಕೋತ್ಸವಕ್ಕೆ ಧಾರಾಳವಾಗಿ ಸಾಲುತ್ತದೆ. ಹಾರುವ ಹಕ್ಕಿಯನ್ನು ಹಿಂಬಾಲಿಸಲು ಹೊರಟರೆ ಕೈಗೆ ಬರುವುದು ಹೆಚ್ಚಾಗಿ ಬಾಲವೇ.

ಸೆಕೆಂಡ್ ಹ್ಯಾಂಡಿನಲ್ಲಿ ನಡುವಣ ದರ್ಜೆಯ ಬಾಡಿ ಎರಡನೆಯ ದಾರಿ. 2017ರ ನಿಕಾನ್ ಡಿ7500ರಲ್ಲಿ 51 ಫೋಕಸ್ ಬಿಂದುಗಳು, ಸೆಕೆಂಡಿಗೆ 8 ಚಿತ್ರ. 2016ರ ಕ್ಯಾನನ್ 80ಡಿಯಲ್ಲಿ 45 ಬಿಂದುಗಳು, 7 ಚಿತ್ರ. ಎರಡರಲ್ಲೂ ದೀಪದ ಮಿನುಗನ್ನು ಗುರುತಿಸಿ ಶಟರ್ ಬಿಡುವ ವ್ಯವಸ್ಥೆ ಇದೆ. ಈಗಿನ ರಂಗಸ್ಥಳಗಳ ಎಲ್‌ಇಡಿ ದೀಪಗಳಲ್ಲಿ ಕೆಲವು ನಮ್ಮ 50 ಹರ್ಟ್ಸ್ ಕರೆಂಟಿಗೆ ಸೆಕೆಂಡಿಗೆ ನೂರು ಸಲ ಮಿನುಗಿ ಚಿತ್ರದಲ್ಲಿ ಪಟ್ಟಿ ಎಬ್ಬಿಸುವುದರಿಂದ ಯಕ್ಷಗಾನಕ್ಕೆ ಇದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಬಾಡಿಗೆ ತಕ್ಕಮಟ್ಟಿನ ತುಂತುರು ರಕ್ಷಣೆಯೂ ಇದೆ. ಆದರೆ ನೀವು ಹಾಕುವ ಅಗ್ಗದ ಲೆನ್ಸಿಗೆ ಅದು ಇರುವುದಿಲ್ಲವಾದ್ದರಿಂದ ಮಳೆಗೆ ಕೊಡೆ ಹಿಡಿಯಲೇಬೇಕು. ಅಪಾಯವೆಂದರೆ ವಾರಂಟಿ ಇಲ್ಲದಿರುವುದು ಮತ್ತು ಹಿಂದಿನವರು ಹೇಗೆ ಇಟ್ಟುಕೊಂಡಿದ್ದರೋ ತಿಳಿಯದಿರುವುದು.

ಆರಂಭಿಕ ಮಿರರ್‌ಲೆಸ್ ಮೂರನೆಯದು. ಅಲ್ಲಿ ಬಾಡಿ ಮತ್ತು ಒಂದು ಲೆನ್ಸಿಗೇ ಹಣ ಮುಗಿದು, ಎಫ್/1.8 ಲೆನ್ಸಿಗಾಗಿ ಮತ್ತೊಂದು ಸುಗ್ಗಿ ಕಾಯಬೇಕಾದೀತು. ಕಾಯಲು ಸಿದ್ಧರಿದ್ದರೆ ತಪ್ಪು ಆಯ್ಕೆಯಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡನೆಯ ದಾರಿ ಹಿಡಿಯುತ್ತೇನೆ: ನಡುವಣ ಬಾಡಿ, 70-300 ಅಥವಾ ಕ್ಯಾನನ್ ಆದರೆ 55-250, ಜೊತೆಗೆ 50 ಮಿಲಿಮೀಟರಿನ ಎಫ್/1.8. ಬಾಡಿಗೆ ಒಟ್ಟು ಹಣದ ಅರ್ಧಕ್ಕಿಂತ ಹೆಚ್ಚು ಹೋಗಬಾರದು. ಪರೀಕ್ಷಿಸಿ ಕೊಡುವ ನಂಬಿಕೆಯ ಜನ ಸಿಗದಿದ್ದರೆ ಮಾತ್ರ ಮೊದಲ ದಾರಿಗೆ ಬಂದು, ಆ ಕಿಟ್ಟಿಗೆ ಇದೇ 50 ಮಿಲಿಮೀಟರ್ ಲೆನ್ಸನ್ನು ಸೇರಿಸಿಕೊಳ್ಳಿ. ನಿಕಾನ್ ಆರಂಭಿಕ ಬಾಡಿಗಳಾದ ಡಿ3500, ಡಿ5600ರಲ್ಲಿ ಫೋಕಸ್ ಮೋಟಾರ್ ಇಲ್ಲ. ಅವುಗಳಿಗೆ, ತನ್ನೊಳಗೂ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸು ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಕೈಯಲ್ಲೇ ಫೋಕಸ್ ತಿರುಗಿಸಬೇಕಾಗುತ್ತದೆ.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ಒಂದು ಮೆಮರಿ ಕಾರ್ಡನ್ನೂ ಫೋನಿನ ಟಾರ್ಚನ್ನೂ ಒಯ್ಯಿರಿ. ಲೆನ್ಸನ್ನು ಬಿಚ್ಚಿ, ಅಪರ್ಚರ್ ತೆರೆದು, ಒಂದು ತುದಿಯಿಂದ ಓರೆಯಾಗಿ ಟಾರ್ಚು ಹಾಯಿಸಿ ಇನ್ನೊಂದು ತುದಿಯಿಂದ ನೋಡಿ. ದೂಳಿನ ಚುಕ್ಕೆಗಳು ಇದ್ದರೆ ಚಿಂತೆಯಿಲ್ಲ. ಕವಲೊಡೆದ ಎಳೆಗಳು ಅಥವಾ ಮಂಜಿನಂಥ ಪೊರೆ ಕಂಡರೆ ಎಷ್ಟೇ ಅಗ್ಗವಾದರೂ ಬಿಟ್ಟುಬನ್ನಿ. ಎಫ್/16ಕ್ಕೆ ಇಟ್ಟು ಆಕಾಶದ ಚಿತ್ರ ತೆಗೆದರೆ ಸೆನ್ಸರಿನ ಮೇಲಿನ ಕೊಳೆ ಕಾಣುತ್ತದೆ. ಶಟರ್ ಎಷ್ಟು ಸಲ ಬಿದ್ದಿದೆ ಎಂದು ಕೇಳಿ, ಚಿತ್ರದ ಫೈಲನ್ನೋ ಕ್ಯಾಮೆರಾವನ್ನೋ ಕಂಪ್ಯೂಟರಿನಲ್ಲಿ ಪರೀಕ್ಷಿಸಿ ತಾಳೆ ನೋಡಿ. ಡಿ7500ರ ಶಟರನ್ನು ಕಂಪನಿ ಪರೀಕ್ಷಿಸಿರುವುದು ಒಂದೂವರೆ ಲಕ್ಷ ಸಲಕ್ಕೆ, 80ಡಿಯದನ್ನು ಒಂದು ಲಕ್ಷಕ್ಕೆ. ಅದು ಮುಗಿದ ಮರುದಿನವೇ ನಿಲ್ಲುತ್ತದೆ ಎಂದಲ್ಲ, ಆದರೆ ಮದುವೆ ಸೀಸನ್ನುಗಳನ್ನು ದುಡಿದ ಬಾಡಿಗಿಂತ ಹವ್ಯಾಸಿಯೊಬ್ಬರ ಮನೆಯಲ್ಲಿ ಮೂವತ್ತು ಸಾವಿರ ಚಿತ್ರ ತೆಗೆದ ಬಾಡಿ ಮೇಲು. ಮೂಲ ಬಿಲ್ಲನ್ನು ಕೇಳಿ, ಅದರಲ್ಲಿರುವ ನಂಬರನ್ನು ಬಾಡಿಯ ನಂಬರಿನೊಂದಿಗೆ ಹೋಲಿಸಿ. ಮಾರುವವರು ಬೇಸರಪಟ್ಟುಕೊಳ್ಳುವರೇನೋ ಎಂಬ ಸಂಕೋಚ ಇಲ್ಲಿ ಬೇಡ.

ಕೊನೆಯದಾಗಿ, ಕೊಳ್ಳುವ ಕ್ರಮದ ಬಗ್ಗೆ ಒಂದು ಮಾತು. ಡ್ರೈ ಕ್ಯಾಬಿನೆಟ್ಟನ್ನು ಕ್ಯಾಮೆರಾಗಿಂತ ಒಂದು ವಾರ ಮೊದಲೇ ತರಿಸಿ, ಅಡುಗೆಮನೆಗೂ ಬಚ್ಚಲಿಗೂ ದೂರವಾದ ಒಳಗೋಡೆಯ ಪಕ್ಕದಲ್ಲಿ ಇಟ್ಟು, ಖಾಲಿಯಾಗಿಯೇ ಓಡಿಸಿ ನೋಡಿ. ಅದರ ಮುಳ್ಳು 45ರ ಹತ್ತಿರ ಬಂದು ಎರಡು ದಿನ ಅಲ್ಲೇ ನಿಂತರೆ, ಆಮೇಲೆ ಶಿವಮೊಗ್ಗದ ಬಸ್ಸು ಹತ್ತಿ.